ಇಲ್ಲೇ ಮಾಡಿದ ಚಾಕು

ಅವನು ಮೊದಲ ಸಲ ಬಂದಾಗ ದೂರು ಹೇಳಲು ಬಂದ ಗಿರಾಕಿ ಎಂದೇ ಅವಳು ತಿಳಿದಳು. ಕೈಯಲ್ಲಿ ಮೂರು ಹಾಳೆ, ಮುಖದ ತುಂಬ ಸಂಕೋಚ.

"ಚಾಕು ಮೊಂಡಾಯ್ತಾ? ಕೊಡಿ, ಮಸೆದು ಕೊಡ್ತೀನಿ," ಎಂದಳು.

"ಅಲ್ಲ, ನನ್ನದು ಕನ್ನಡಕದ ಅಂಗಡಿ. ಮಡಚೋ ಚಾಕು ಸಂಗ್ರಹ ಮಾಡೋರ ಸಂಘಕ್ಕೆ ಕಾರ್ಯದರ್ಶಿ. ನಮ್ಮ ನಲವತ್ತು ಸದಸ್ಯರ ಆಸೆ ಬರ್ಕೊಂಡು ಬಂದಿದೀನಿ."

ಅಪ್ಪನ ಕಣ್ಣು ಮಂಜಾದ ಮೇಲೆ ಚಾಕು ಮಾಡುವ ವರ್ಕ್‌ಶಾಪ್ ಅವಳದಾಗಿತ್ತು. ಅಂಗಡಿಗಳಲ್ಲೆಲ್ಲ ಹೊರದೇಶದ ಚಾಕುಗಳೇ. ಹಳೆಯ ಮಾದರಿಯನ್ನು ಕೈಯಲ್ಲಿ ಮಾಡುವವರು ಇನ್ಯಾರೂ ಉಳಿದಿರಲಿಲ್ಲ. ಅವಳು ಹಾಳೆ ಓದಿದಳು. ಹಿಡಿ ಕೊಂಬಿನದಾಗಿರಬೇಕು. ತೆರೆದರೆ ಟಕ್ ಎನ್ನಬೇಕು. ಅಲಗಿನಿಂದ ಮೊಳೆಯವರೆಗೆ ಎಲ್ಲವೂ ನಮ್ಮ ದೇಶದ್ದೇ ಆಗಿರಬೇಕು.

"ಇದರಲ್ಲಿ ಏನು ಕತ್ತರಿಸ್ತೀರಿ?"

"ಕತ್ತರಿಸಲ್ಲ. ಪೆಟ್ಟಿಗೇಲಿ ಇಡ್ತೀವಿ."

"ಹಾಗಾದ್ರೆ ಅಲಗು ಯಾಕೆ? ತಗಡು ಹಾಕಿ ಕೊಡ್ತೀನಿ."

ಅವನ ಕಿವಿ ಕೆಂಪಾಯಿತು. ಅದನ್ನು ಅವಳು ಗಮನಿಸಿದಳು.

ಮುಂದಿನ ಶನಿವಾರ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ. ಸಂಗ್ರಹದಲ್ಲೇ ಒಳ್ಳೆಯ ಚಾಕು ತೆಗೆದು ಸೇಬು ಹೆಚ್ಚಲು ಹೋಗಿದ್ದನಂತೆ.

"ಸೇಬಿಗೇನಾಯ್ತು?"

"ಅದು ಆರಾಮಾಗಿದೆ."

ಅವಳು ತುಟಿ ಕಚ್ಚಿ ನಗು ತಡೆದಳು. ನಲವತ್ತು ಚಾಕುಗಳ ಆರ್ಡರ್ ಒಪ್ಪಿಕೊಂಡಳು.

ಅಲ್ಲಿಂದ ಪ್ರತಿ ಶನಿವಾರವೂ ಬಂದ. ಕನ್ನಡಕವನ್ನು ಹಣೆಗೇರಿಸಿ ಕೊಂಬಿನ ತುಂಡುಗಳನ್ನು ಉಜ್ಜುತ್ತ ಕೂರುವನು. ಅವಳು ತಲೆ ಎತ್ತಿದರೆ ಅವನ ಕಣ್ಣು ತಟ್ಟನೆ ಕೊಂಬಿನ ಮೇಲೆ. ಅವನು ತಲೆ ಎತ್ತಿದರೆ ಅವಳದು ಅಲಗಿನ ಮೇಲೆ.

ಕಾಡಿದ್ದು ಅಲಗನ್ನು ಟಕ್ ಎನ್ನಿಸುವ ಸ್ಪ್ರಿಂಗ್. ಅಪ್ಪನ ಕೈಗಿದ್ದ ಹದ ಅವಳಿಗೆ ದಕ್ಕಲಿಲ್ಲ. ಮೂವತ್ತು ಮುರಿದವು. ಕೊನೆಗೆ ಹೊರದೇಶದಿಂದ ತರಿಸಿ ಹಾಕಿದಳು. ನಲವತ್ತು ಚಾಕುಗಳೂ ಟಕ್ ಎಂದವು. ಒಂದೊಂದನ್ನೇ ತೆರೆದು ಅವನು ಮುಖ ಅರಳಿಸಿದ. ಆ ಮುಖ ನೋಡಿಕೊಂಡು ಸುಮ್ಮನಿರಲು ಅವಳಿಂದಾಗಲಿಲ್ಲ.

"ಸ್ಪ್ರಿಂಗ್ ನಂದಲ್ಲ. ಹೊರದೇಶದ್ದು. ಬಿಚ್ಚಿ ನೋಡದೆ ಯಾರಿಗೂ ಗೊತ್ತಾಗಲ್ಲ."

ಅವನು ಚಾಕು ಮಡಚಿ ಮೇಜಿನ ಮೇಲಿಟ್ಟ. "ನನಗೆ ಗೊತ್ತಾಯ್ತಲ್ಲ. ಸಂಘಕ್ಕೆ ಹೇಳಲೇಬೇಕು."

"ಹೇಳಿ."

ಎರಡು ಶನಿವಾರ ಅವನು ಬರಲಿಲ್ಲ. ಅವಳು ಅಪ್ಪನನ್ನು ಕುಲುಮೆಯ ಪಕ್ಕ ಕೂರಿಸಿಕೊಂಡಳು.

"ಉಕ್ಕು ಕಾದ ಹಾಗೆ ಅದರ ಬಣ್ಣ ಹೇಳ್ತಾ ಹೋಗು ಮಗಳೇ," ಎಂದ ಅಪ್ಪ.

"ಹಳದಿ. ಕಂದು. ನೇರಳೆ. ನೀಲಿ..."

"ತೆಗಿ."

ಈ ಸಲ ಸ್ಪ್ರಿಂಗ್ ಬಾಗಿತು, ಮುರಿಯಲಿಲ್ಲ.

ಮಂಗಳವಾರ ಅವಳು ಅಲಗು ಮಸೆಯುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತಿದ್ದ.

"ಅರ್ಧ ಜನ ಬೇಡ ಅಂದ್ರು. ಉಳಿದೋರು ನಿಮ್ಮ ಕೈಯ ಸ್ಪ್ರಿಂಗ್‌ಗೆ ಕಾಯ್ತಾರಂತೆ."

"ಫೋನಲ್ಲೇ ಹೇಳಬಹುದಿತ್ತು."

"ಬಹುದಿತ್ತು," ಎಂದ. ಕಾಲ ಬೆರಳು ನೋಡಿಕೊಂಡ. "ಈ ಎರಡು ವಾರ ನಿಮ್ಮನ್ನ ನೋಡದೆ ಇರೋಕೆ ಆಗ್ಲಿಲ್ಲ ನನಗೆ."

ಮಸೆಯುವ ಚಕ್ರ ಗರಗರ ತಿರುಗುತ್ತಿತ್ತು. ಅವಳಿಗೆ ಮಾತು ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೂ ಸ್ವಿಚ್ ಆರಿಸಿ, ಕೈ ಒರೆಸಿಕೊಂಡು, "ಸದ್ದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ," ಎಂದಳು.

ಅವನು ಹೇಳಿದ. ಈ ಸಲ ಒಳಗೆ ಕೂತಿದ್ದ ಅಪ್ಪನಿಗೂ ಕೇಳಿಸಿತು.