ಸೋತವರು ಟೀ ಕೊಡಿಸಬೇಕು

"ಆಬ್ಜೆಕ್ಷನ್, ಸರ್! ಆ ಉತ್ತರ ತಪ್ಪು!"

ಚಪ್ಪಾಳೆ ಅರ್ಧಕ್ಕೇ ನಿಂತುಹೋಯಿತು. ಸಮೀಕ್ಷಾ ಗಕ್ಕನೆ ಪಕ್ಕಕ್ಕೆ ತಿರುಗಿದಳು.

ನೀಲಿ ಶರ್ಟಿನ ಒಬ್ಬ ಸ್ಪರ್ಧಿ ಶಾಲೆಯ ಹುಡುಗನಂತೆ ಕೈ ಎತ್ತಿ ನಿಂತಿದ್ದ. ಮುಖದಲ್ಲಿ ಒಂದು ಚೂರೂ ಸಂಕೋಚವಿಲ್ಲ!

ಮಲೇಷ್ಯಾದ ಎಷ್ಟು ರಾಜ್ಯಗಳಿಗೆ ಸುಲ್ತಾನರಿದ್ದಾರೆ ಎಂಬುದು ಪ್ರಶ್ನೆ. ಸಮೀಕ್ಷಾ ಒಂಬತ್ತು ಎಂದಿದ್ದಳು. ಕ್ವಿಜ್ ಮಾಸ್ಟರ್ ಸರಿ ಎಂದು ಅಂಕವನ್ನೂ ಕೊಟ್ಟಾಗಿತ್ತು.

"ಅರಸರು ಒಂಬತ್ತು ರಾಜ್ಯಗಳಿಗೆ ಇದ್ದಾರೆ ಸರ್. ಆದರೆ ಸುಲ್ತಾನ್ ಅನ್ನುವ ಬಿರುದು ಏಳು ಜನರಿಗೆ ಮಾತ್ರ. ಪರ್ಲಿಸ್‌ನಲ್ಲಿ ರಾಜಾ ಅಂತಾರೆ. ನೆಗೆರಿ ಸೆಂಬಿಲಾನ್‌ನಲ್ಲಿ ಬಿರುದೇ ಬೇರೆ," ಎಂದು ಅವನು ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸಿದ.

ಕ್ವಿಜ್ ಮಾಸ್ಟರ್ ಕಿವಿಯಲ್ಲಿದ್ದ ಯಂತ್ರವನ್ನು ಒತ್ತಿ ಹಿಡಿದು ಆಲಿಸಿದರು. ತಲೆಯಾಡಿಸಿದರು. ಅಂಕ ಹೋಯಿತು!

ಸಮೀಕ್ಷಾಳ ಮೈ ಉರಿದುಹೋಯಿತು. ಇಲ್ಲಿ ಯಾರಿಗೆ ಕನ್ನಡ ಬರಬೇಕು ಎಂಬ ಧೈರ್ಯದಿಂದ ಹಲ್ಲು ಕಚ್ಚಿ ಗೊಣಗಿದಳು. "ಎಲ್ಲಿಂದ ಬಂತಪ್ಪಾ ಈ ಪ್ರಾಣಿ!"

"ಹುಬ್ಬಳ್ಳಿಯಿಂದ ಬಂದೈತ್ರೀ," ಎಂದಿತು ಪ್ರಾಣಿ.

ಅಯ್ಯೋ ದೇವರೇ! ಅವಳ ಕಾಲರ್ ಮೈಕು ಆನ್ ಇತ್ತು!

ಇದು ಮಲೇಷ್ಯಾದಲ್ಲಿರುವ ಭಾರತೀಯರಿಗಾಗಿ ಒಂದು ಟಿವಿ ವಾಹಿನಿ ನಡೆಸುತ್ತಿದ್ದ ಸಾಮಾನ್ಯ ಜ್ಞಾನ ಪಂದ್ಯಾವಳಿಯ ಮೊದಲ ಸುತ್ತು. ಪೆಟಾಲಿಂಗ್ ಜಯಾದ ಸ್ಟುಡಿಯೋದಲ್ಲಿ ಚಿತ್ರೀಕರಣ. ಸಮೀಕ್ಷಾ ಮೈಸೂರಿನವಳು. ಪೆಟಾಲಿಂಗ್ ಜಯಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಪಕ್ಕದ ಪುಚೊಂಗ್‌ನಲ್ಲಿ ಒಂದು ಪುಟ್ಟ ಕಾಂಡೋ ಫ್ಲ್ಯಾಟು. ನೀಲಿ ಶರ್ಟಿನವನು ವೈಭವ್ ಅಂಗಡಿ. ಕಾರ್ಖಾನೆಯೊಂದರಲ್ಲಿ ಎಂಜಿನಿಯರ್.

ಅಂಕ ಹೋದರೂ ಇಬ್ಬರೂ ಮುಂದಿನ ಸುತ್ತಿಗೆ ಆಯ್ಕೆಯಾದರು. ಗೆದ್ದವರನ್ನೆಲ್ಲ ಗುಡ್ಡೆ ಹಾಕಿಕೊಂಡು ಕಾರ್ಯಕ್ರಮದ ನಿರ್ದೇಶಕಿ ವಾರಿಜಾ ಪಾಠ ಮಾಡಿದರು. ಮಂಗಳೂರಿನ ಹೆಂಗಸು. ಬಂದು ವರ್ಷಗಳಾಗಿ, ಮಲೇಷ್ಯಾದವರ ಹಾಗೆ ಕನ್ನಡದ ಮಾತಿನ ಕೊನೆಗೂ 'ಲಾ' ಅಂಟಿಸುತ್ತಿದ್ದರು.

"ಇನ್ಮುಂದೆ ಬಝರ್ ರೌಂಡ್ ಲಾ! ಪ್ರಶ್ನೆ ಮುಗಿದು ಹಸಿರು ದೀಪ ಹತ್ತಿದ ಮೇಲೆಯೇ ಒತ್ತಬೇಕು. ಮೊದಲೇ ಒತ್ತಿದ್ರೆ ನಿಮ್ಮ ಬಝರ್ ಲಾಕ್. ಗಾಬರಿಯಲ್ಲಿ ಮತ್ತೆ ಒತ್ತಿದ್ರೆ ಮತ್ತೆ ಲಾಕ್. ಆಮೇಲೆ ನನ್ನ ಹತ್ರ ಅಳಬಾರ್ದು!"

ಅಂದು ಸಂಜೆ ಸಮೀಕ್ಷಾ ಬ್ರಿಕ್‌ಫೀಲ್ಡ್ಸ್‌ನ ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಕ್ ಹೋಟೆಲಿನಲ್ಲಿ ಪರೋಟದಂಥ ರೊಟ್ಟಿ ಚಾನೈ ಮುರಿಯುತ್ತಾ ಕೂತಿದ್ದಳು. ಎದುರಿನ ಕುರ್ಚಿ ಸರಿದ ಸದ್ದಾಯಿತು. ತಲೆ ಎತ್ತಿದರೆ... ಅದೇ ಪ್ರಾಣಿ!

"ಪಾಯಿಂಟ್ ಹೋದದ್ದಕ್ಕ ನಾ ಸಾರಿ ಕೇಳಾಂಗಿಲ್ಲ. ಉತ್ತರ ತಪ್ಪಿತ್ತು," ಎಂದ ವೈಭವ್. "ಆದ್ರ ನಿಮ್ಮ ಮಾರಿ ಸಣ್ಣದಾತಲ್ಲ, ಅದು ಮನಸ್ಸಿಗೆ ಕೆಟ್ಟ ಅನಿಸ್ತು. ಟೀ ಕುಡೀತೀರೇನು?"

ಎಂಥಾ ಸೊಕ್ಕು ಇವನಿಗೆ! ಬೈಯಬೇಕೆಂದು ಬಾಯಿ ತೆರೆದಳು. ನಗು ಬಂದುಬಿಟ್ಟಿತು. ಅಲ್ಲಾ, ನೀವೇ ಹೇಳಿ, ಹೀಗೆ ಕ್ಷಮೆ ಕೇಳುವವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡಿರುವುದು?

ಅಂದಿನಿಂದ ಕೆಲಸ ಮುಗಿಸಿ ಇಬ್ಬರೂ ಅದೇ ಮೇಜಿನಲ್ಲಿ ತಯಾರಿಗೆ ಕೂರತೊಡಗಿದರು. ಬಝರ್ ಬದಲು ಗಾಜಿನ ಲೋಟಕ್ಕೆ ಚಮಚದ ಏಟು. ಪ್ರಶ್ನೆ ಅರ್ಧ ಆಗುವಷ್ಟರಲ್ಲೇ ವೈಭವ್‌ನ ಚಮಚ ಟಣ್ ಎನ್ನುತ್ತಿತ್ತು. ಸಮೀಕ್ಷಾಳದು ಪೂರ್ತಿ ಕೇಳಿಸಿಕೊಂಡು ಉತ್ತರಿಸುವ ಜಾಯಮಾನ. ಪಕ್ಕದ ಮೇಜಿನವರು ಈ ಟಣ್ ಟಣ್ ಕೇಳಿ ಮೊದಮೊದಲು ಗುರಾಯಿಸುತ್ತಿದ್ದರು, ಆಮೇಲೆ ತಾವೂ ಉತ್ತರ ಹೇಳತೊಡಗಿದರು.

ಸಮೀಕ್ಷಾ ಒಂದು ನಿಯಮ ಮಾಡಿದಳು. "ಸೋತವರು ಟೀ ಕೊಡಿಸಬೇಕು. ಕಾರಣ ಹೇಳೋ ಹಾಗಿಲ್ಲ! ತಲೆನೋವಿತ್ತು, ಪ್ರಶ್ನೆ ಸರಿ ಇರಲಿಲ್ಲ, ಬೇಕಂತಲೇ ಬಿಟ್ಟೆ... ಏನೂ ಹೇಳೋ ಹಾಗಿಲ್ಲ."

"ಇಷ್ಟು ಖಡಕ್ ಯಾಕ್ರೀ?"

ಅವಳು ಚಮಚ ಕೆಳಗಿಟ್ಟಳು. ಆಮೇಲೆ ಮನೀಷ್‌ನ ಸುದ್ದಿ ಹೇಳಿದಳು.

ಮನೀಷ್ ಅವಳ ಸಹಪಾಠಿ. ಕಾಲೇಜಿನ ದೊಡ್ಡ ಕ್ವಿಜ್‌ನಲ್ಲಿ ಅವನನ್ನು ಸೋಲಿಸಿ ಅವಳು ಗೆದ್ದಿದ್ದಳು. ಆ ಗೆಲುವೆಂದರೆ ಅವಳಿಗೆ ಪ್ರಾಣ. ಅದೇ ಮನೀಷ್ ಜೊತೆ ನಿಶ್ಚಿತಾರ್ಥವಾಯಿತು. ಊಟದ ಪಂಕ್ತಿಯಲ್ಲಿ ಅವನು ಎಲ್ಲರೆದುರು ನಕ್ಕು ಹೇಳಿದ್ದ, "ಪಾಪ, ಹುಡುಗಿ ಅಳ್ತಾಳೆ ಅಂತ ಆವತ್ತು ನಾನೇ ಬಿಟ್ಟುಕೊಟ್ಟೆ. ಇಲ್ಲಾಂದ್ರೆ ಇವಳೆಲ್ಲಿ ಗೆಲ್ತಿದ್ಲು?"

ಎಲ್ಲರೂ ನಕ್ಕಿದ್ದರು. ಅವಳ ಸ್ವಂತ ಅಪ್ಪನೂ! ಸಮೀಕ್ಷಾ ಉಂಗುರ ತೆಗೆದು ಅವನ ಎಲೆಯ ಪಕ್ಕ ಇಟ್ಟು ಎದ್ದುಬಂದಿದ್ದಳು.

"ಒಂದೇ ಒಂದು ಗೆಲುವು ಬೇಕು ನನಗೆ," ಎಂದಳು. ಕಣ್ಣು ತುಂಬಿತ್ತು. "ಪೂರ್ತಿ ನನ್ನದು. ಯಾರೂ ಭಿಕ್ಷೆ ಹಾಕದೇ ಇರೋದು."

ವೈಭವ್ ಸಮಾಧಾನದ ಮಾತೇನೂ ಆಡಲಿಲ್ಲ. ಚಮಚ ಎತ್ತಿಕೊಂಡು, "ಮುಂದಿನ ಪ್ರಶ್ನೆ ಕೇಳ್ರೀ. ನಾನಂತೂ ಬಿಡಾವಲ್ಲ," ಎಂದ. ಅಷ್ಟೇ! ಆ ಕ್ಷಣಕ್ಕೇ ಅವಳ ಮನಸ್ಸು ಜಾರಿತು ಎಂದರೆ ನಂಬುತ್ತೀರಾ?

ಅವನೂ ತನ್ನ ಮನೆಯ ಕಥೆ ಹೇಳಿಕೊಂಡ. "ನಮ್ಮವ್ವ ಬೆಂಗೇರಿಯ ಖಾದಿ ಘಟಕದಾಗ ಹೊಲಿಗಿ ಮಾಡ್ತಿದ್ಲು. ದೇಶದ ಬಾವುಟ ಹೊಲಿಯೂದು ಅಲ್ಲೇ, ನಮ್ಮ ಹುಬ್ಬಳ್ಳಿಯಾಗ. ಪಟ್ಟಿ ಸ್ವಲ್ಪ ಸೊಟ್ಟಾದ್ರೂ ಪೂರ್ತಿ ಬಿಚ್ಚಿ ಮತ್ತ ಹೊಲೀಬೇಕು. ತಪ್ಪು ಅಂದ್ರ ತಪ್ಪು ಅನ್ನೂದು ಆಕಿಯಿಂದ ಕಲ್ತೀನಿ."

ಸುತ್ತು ಸುತ್ತಾಗಿ ಎಲ್ಲರೂ ಉದುರಿದರು. ಫೈನಲ್‌ಗೆ ಉಳಿದವರು ಇಬ್ಬರೇ. ಯಾರೆಂದು ಬೇರೆ ಹೇಳಬೇಕೇ?

ವೇದಿಕೆ ಹತ್ತುವ ಮುನ್ನ ವೈಭವ್ ಅವಳ ಕಿವಿಯ ಬಳಿ ಬಂದ. "ಇವತ್ತು ನೀವು ಗೆದ್ರ, ನನ್ನಷ್ಟು ಖುಷಿ ಪಡಾವ್ರು ಯಾರೂ ಇಲ್ರೀ."

ಅವಳ ಕೆನ್ನೆ ಬಿಸಿಯಾಯಿತು. 'ಇವತ್ತು ಮುಗೀಲಿ... ಹೇಳಿಬಿಡ್ತೀನಿ ಇವನಿಗೆ,' ಎಂದುಕೊಂಡಳು.

ಅಂಕಗಳು ಸಮ ಸಮ. ಉಳಿದದ್ದು ಕೊನೆಯ ಪ್ರಶ್ನೆ. ಸ್ಟುಡಿಯೋದಲ್ಲಿ ಒಬ್ಬರೂ ಕೆಮ್ಮುತ್ತಿಲ್ಲ. ಕ್ವಿಜ್ ಮಾಸ್ಟರ್ ನಿಧಾನವಾಗಿ ಓದಿದರು.

"ಭಾರತದ ರಾಷ್ಟ್ರಧ್ವಜವನ್ನು ಖಾದಿಯಲ್ಲಿ ತಯಾರಿಸುವ ಹೆಸರಾಂತ ಘಟಕ, ಕರ್ನಾಟಕದ ಯಾವ ನಗರದಲ್ಲಿದೆ?"

ಸಮೀಕ್ಷಾಳ ಎದೆ ಧಸಕ್ ಎಂದಿತು. ಮುಗೀತು! ಇದು ಅವನ ಊರು... ಅವನ ಅವ್ವನ ಕೆಲಸ!

ಹಸಿರು ದೀಪ ಹತ್ತಿತು. ಅಭ್ಯಾಸಬಲದಿಂದ ಅವಳ ಹೆಬ್ಬೆರಳು ಬಝರ್ ಒತ್ತಿತು.

ಬೆಳಗಿದ್ದು ಅವಳ ದೀಪ!

"ಹು... ಹುಬ್ಬಳ್ಳಿ," ಎಂದಳು.

ಸಂಗೀತ ಮೊಳಗಿತು, ಬಣ್ಣದ ಕಾಗದಗಳು ಉದುರಿದವು. ಯಾರೋ ಕಪ್ ತಂದು ಕೈಗಿಟ್ಟರು. ಸಮೀಕ್ಷಾ ಮಾತ್ರ ನಿಂತಲ್ಲೇ ಮರಗಟ್ಟಿ ಹೋಗಿದ್ದಳು.

ಅವನಿಗೆ ಗೊತ್ತಿತ್ತು. ಅವಳಿಗೆ ಹೇಳಿಕೊಟ್ಟವನೇ ಅವನು! ಅರ್ಧ ಪ್ರಶ್ನೆಗೇ ಲೋಟ ಬಡಿಯುವವನು... ಒತ್ತಲಿಲ್ಲ. ಬೇಕಂತಲೇ ಒತ್ತಲಿಲ್ಲ! 'ನೀವು ಗೆದ್ರ ನನ್ನಷ್ಟು ಖುಷಿ ಪಡಾವ್ರು...' ಓಹೋ, ಅದರ ಅರ್ಥ ಇದಾ?

"ಈ ಕಪ್ ನನಗೆ ಬೇಡ!"

ಸಂಗೀತ ತಟ್ಟನೆ ನಿಂತಿತು. ನೋಡುಗರು ಬಾಯಿ ತೆರೆದುಕೊಂಡು ಕೂತರು. ಸಮೀಕ್ಷಾ ಕಪ್ಪನ್ನು ಮೇಜಿನ ಮೇಲೆ ಕುಕ್ಕಿ ಅವನೆದುರು ಹೋಗಿ ನಿಂತಳು.

"ಯಾಕೆ ಒತ್ತಲಿಲ್ಲ? ಹೇಳಿ ವೈಭವ್! ನಿಮ್ಮೂರಿನ ಉತ್ತರ ನಿಮಗೆ ಗೊತ್ತಿರಲಿಲ್ವಾ?"

ವೈಭವ್ ದಿಗ್ಭ್ರಮೆಯಿಂದ ಅವಳನ್ನೇ ನೋಡಿದ. ತನ್ನ ಬಝರಿನತ್ತ ಒಮ್ಮೆ ಕಣ್ಣು ಹಾಯಿಸಿದ. ಕೊನೆಗೆ ಮೆಲ್ಲಗೆ ಹೇಳಿದ, "ಸೋತವ್ರು ಕಾರಣ ಹೇಳೂ ಹಂಗಿಲ್ಲಲ್ರೀ."

ಅವಳ ಮಾತನ್ನೇ ಅವಳಿಗೆ ತಿರುಗಿಸಿ ತಮಾಷೆ ಮಾಡುತ್ತಿದ್ದಾನೆ! ಸಮೀಕ್ಷಾಳಿಗೆ ಕಣ್ಣು ಕತ್ತಲೆ ಬಂತು.

"ನೀವೂ ಮನೀಷೇ! ನನ್ನ ಕಥೆ ಎಲ್ಲಾ ಕೇಳಿಸಿಕೊಂಡು, ನೀವೂ ನನಗೆ ಭಿಕ್ಷೆ ಹಾಕಿದ್ರಲ್ಲಾ!"

ವೈಭವ್‌ನ ಮುಖ ಬಿಳಿಚಿಕೊಂಡಿತು. ಅವನು ಕಾಲರ್ ಮೈಕು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದ.

"ಬಾ ಇಲ್ಲಿ!" ವಾರಿಜಾ ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಕಂಟ್ರೋಲ್ ರೂಮಿಗೆ ಕರೆದೊಯ್ದರು. "ಎಂಥ ಹುಡುಗಿ ನೀನು! ಸ್ಪರ್ಧಿಗಳ ಕೈ ಮೇಲೆ ಒಂದೊಂದು ಕ್ಯಾಮೆರಾ ಇರ್ತದೆ, ಗೊತ್ತುಂಟಾ? ನೋಡು ಲಾ!"

ಪರದೆಯ ಮೇಲೆ ವೈಭವ್‌ನ ಬಲಗೈ ಮೂಡಿತು. ಕ್ವಿಜ್ ಮಾಸ್ಟರ್ ದನಿ, "ಭಾರತದ ರಾಷ್ಟ್ರಧ್ವಜವನ್ನು..."

ಅಷ್ಟಕ್ಕೇ ಆ ಹೆಬ್ಬೆರಳು ಬಝರ್ ಮೇಲೆ ಬಿದ್ದಿತು! ಲಾಕ್. ಮತ್ತೆ ಒತ್ತಿತು, ಮತ್ತೆ ಲಾಕ್. ಒತ್ತಿತು, ಒತ್ತಿತು, ಉಗುರು ಬೆಳ್ಳಗಾಗುವವರೆಗೂ ಒತ್ತಿತು. ಹಸಿರು ದೀಪ ಹತ್ತಿದಾಗಲೂ ಅವನ ಬಝರ್ ಲಾಕ್ ಆಗಿಯೇ ಇತ್ತು.

ಸಮೀಕ್ಷಾ ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. 'ಅವ್ವನ ಕೆಲಸ ಅಂತ ಕಿವಿಗೆ ಬಿದ್ದದ್ದೇ ತಡ... ದೀಪದ ನೆನಪೂ ಇಲ್ಲದೆ ಒತ್ತಿದಾನೆ!' ಅವರ ಲೋಟ ಚಮಚದ ಆಟದಲ್ಲಿ ಹಸಿರು ದೀಪ ಎಲ್ಲಿತ್ತು? ಬೇಗ ಬಡಿದವನಿಗೇ ಅಲ್ಲಿ ಜಯ.

"ಲಾಕ್ ಆದದ್ದು ವೇದಿಕೆ ಮೇಲೆ ಕಾಣುದಿಲ್ಲ, ಇಲ್ಲಿ ಮಾತ್ರ. ಅವನು ನಿನ್ನನ್ನು ಸೋಲಿಸ್ಲಿಕ್ಕೆ ಜೀವ ಬಿಟ್ಟು ಒತ್ತಿದ್ದು. ನೀನು ಕಾದು, ದೀಪ ನೋಡಿ ಒತ್ತಿದಿ. ಕ್ಲೀನಾಗಿ ಗೆದ್ದಿ," ಎಂದರು ವಾರಿಜಾ. "ನಿನ್ನ ರಂಪಾಟ ನಾನು ಎಡಿಟ್‌ನಲ್ಲಿ ತೆಗೀತೇನೆ. ನೀನು ಮೊದಲು ಅವನನ್ನು ಹುಡುಕು!" ಎಂದು ಕಪ್ಪನ್ನು ಅವಳ ಕಂಕುಳಿಗೆ ತುರುಕಿದರು.

ಗೆಲುವು ಅವಳದೇ! ಪೂರ್ತಿ ಅವಳದೇ! ಇಷ್ಟು ವರ್ಷ ಕಾದದ್ದು ಕೈಗೆ ಸಿಕ್ಕಿದೆ... ಆದರೆ ಸಂತೋಷಪಡುವುದಕ್ಕೆ ಅವನೇ ಇಲ್ಲವಲ್ಲ!

ಫೋನ್ ಮಾಡಿದಳು, ಎತ್ತಲಿಲ್ಲ. ಗ್ರ್ಯಾಬ್ ಟ್ಯಾಕ್ಸಿ ಹಿಡಿದು ಬ್ರಿಕ್‌ಫೀಲ್ಡ್ಸ್‌ಗೆ ಹೊರಟಳು. ದಾರಿಯುದ್ದಕ್ಕೂ ಅತ್ತಳು. 'ಮನೀಷ್ ಅಂದುಬಿಟ್ಟೆನಲ್ಲಾ ಅವನನ್ನ! ಎಲ್ಲರ ಮುಂದೆ!' ಡ್ರೈವರ್ ಕನ್ನಡಿಯಲ್ಲಿ ಅವಳನ್ನೂ ಕಪ್ಪನ್ನೂ ನೋಡಿ ತಬ್ಬಿಬ್ಬಾಗಿ ಟಿಶ್ಯೂ ಡಬ್ಬಿ ಹಿಂದಕ್ಕೆ ಚಾಚಿದ. ಗೆದ್ದವರು ಹೀಗೆ ಅಳುವುದನ್ನು ಅವನು ಎಲ್ಲಿ ನೋಡಿದ್ದ!

ಅದೇ ಮಾಮಕ್. ಅದೇ ಮೇಜು. ವೈಭವ್ ಕೂತಿದ್ದ.

ಅವನೆದುರು ಎರಡು ಲೋಟ ತೆ ತಾರಿಕ್, ಅಲ್ಲಿನವರ ನೊರೆ ಟೀ. ಒಂದು ಖಾಲಿ. ಇನ್ನೊಂದು ಅವಳ ಕುರ್ಚಿಯ ಮುಂದೆ, ತಟ್ಟೆ ಮುಚ್ಚಿಕೊಂಡು ತಣ್ಣಗಾಗಿತ್ತು.

ಸಮೀಕ್ಷಾ ತನ್ನ ಕುರ್ಚಿಯ ಬೆನ್ನು ಹಿಡಿದು ನಿಂತಳು. "ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ," ಎಂದ ಅವನು, ತಲೆ ಎತ್ತದೆ. "ಸೋತವ್ರು ಟೀ ಕೊಡಿಸ್ಬೇಕಲ್ಲ. ಕೊಡಿಸೀನಿ."

ಅಷ್ಟು ಅವಮಾನ ಮಾಡಿದ ಮೇಲೂ ಅವಳ ನಿಯಮ ಪಾಲಿಸಿದ್ದಾನೆ! ಅವಳು ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

"ಬಝರ್ ಲಾಕ್ ಆಯ್ತು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರ ಏನಾಗ್ತಿತ್ತು? ಬಝರ್ ಕೈ ಕೊಡ್ತು, ಇಲ್ಲಾಂದ್ರ ಇಕಿ ಎಲ್ಲಿ ಗೆಲ್ಲತಿದ್ಲು ಅಂದಂಗ ಆಗ್ತಿತ್ತು." ಅವನು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದ. "ಆ ಮನೀಷ್ ಅಂದಿದ್ದೂ ಅದೇ ಅಲ್ಲೇನು? ಆ ಮಾತು ನನ್ನ ಬಾಯಾಗ ಹೆಂಗ ಬರಬೇಕು?"

ಸಮೀಕ್ಷಾ ದಂಗಾಗಿ ಅವನನ್ನೇ ನೋಡಿದಳು. ಅವಳ ಗೆಲುವಿಗೆ ಚೂರು ಮಸಿ ಹತ್ತಬಾರದೆಂದು, ಅವಳಿಂದಲೇ ಕೆಟ್ಟವನೆನಿಸಿಕೊಂಡು ಸುಮ್ಮನೆ ಎದ್ದುಬಂದಿದ್ದಾನೆ.

"ನಿನ್ನ ಸೋಲಿಸ್ಬೇಕಂತ ಇದ್ದ ಶಕ್ತಿ ಎಲ್ಲಾ ಹಾಕಿ ಒತ್ತೀನಿ. ಬಿಟ್ಟುಕೊಡಾಕ ನೀ ಏನು ಸಣ್ಣ ಹುಡುಗಿ ಏನು? ನೀ ಗೆದ್ದಿ. ನಾ ಸೋತೆ. ಅಷ್ಟ."

'ನಿನ್ನ' ಎಂದ! 'ನೀ' ಎಂದ! ಮೊದಲ ಸಲ!

ಅವಳು ಕಣ್ಣೊರೆಸಿಕೊಂಡು ತಣ್ಣನೆಯ ಟೀಯನ್ನು ಒಂದೇ ಗುಟುಕಿಗೆ ಕುಡಿದಳು. ಕಪ್ಪನ್ನು ಎರಡು ಲೋಟಗಳ ನಡುವೆ ಇಟ್ಟಳು. ಕೌಂಟರ್ ಕಡೆ ಕೈ ಎತ್ತಿ, "ಅಣ್ಣಾ, ತೆ ತಾರಿಕ್ ಎರಡು!" ಎಂದು ಕೂಗಿದಳು.

"ಮತ್ತ ಯಾಕ?"

"ಇದು ನನ್ನ ಲೆಕ್ಕಕ್ಕೆ. ನಿನ್ನನ್ನ ಅರ್ಥ ಮಾಡಿಕೊಳ್ಳೋದ್ರಲ್ಲಿ ನಾನು ಸೋತೆ. ಕ್ಷಮಿಸು ವೈಭವ್... ಕಾರಣ ಹೇಳಲ್ಲ."

ವೈಭವ್‌ನ ತುಟಿಯ ಅಂಚಿನಲ್ಲಿ ನಗು ಮೂಡಿತು. ಅವಳಿಗೆ ಅಷ್ಟೇ ಸಾಕಿತ್ತು.

"ಈಗ ನಿಜವಾದ ಕೊನೇ ಪ್ರಶ್ನೆ," ಎಂದಳು. "ನೀನು ನನ್ನನ್ನ ಮದುವೆ..."

"ಹೂಂ!"

ಅವಳು ಬೆಚ್ಚಿಬಿದ್ದಳು. ಆಮೇಲೆ ಕಣ್ಣೀರಿನ ನಡುವೆಯೇ ಕಿಲಕಿಲ ನಕ್ಕಳು. "ಅಂಗಡಿಯವ್ರೇ! ಪ್ರಶ್ನೆ ಇನ್ನೂ ಮುಗಿದಿಲ್ಲ. ಹಸಿರು ದೀಪ ಹತ್ತಿಲ್ಲ. ಲಾಕ್ ಆಗುತ್ತೆ!"

ವೈಭವ್ ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡ. ಹೆಬ್ಬೆರಳಿನಿಂದ ಅವಳ ಅಂಗೈ ಒತ್ತಿದ. ಮತ್ತೊಮ್ಮೆ ಒತ್ತಿದ.

"ಆದ್ರ ಆಗವಲ್ದ್ಯಾಕ," ಎಂದ. "ಲಾಕ್ ತೆಗೆಯೂ ತನಕ ಒತ್ತಕೋತ ಕುಂದರತೀನಿ... ಹೂಂ. ಹೂಂ. ಹೂಂ!"