ಗುರುವಾರ ಮೂರೂವರೆಯೊಳಗೆ

ಅವರನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಬೂಟು ಮಾತ್ರ. ಷೇರು ವ್ಯವಹಾರದ ಒಂದು ಆಫೀಸಿನವರು ಹದಿನಾಲ್ಕು ಕುರ್ಚಿಗಳ ರಿಪೇರಿಗೆ ನನ್ನನ್ನು ಕರೆಸಿದ್ದರು. ಉರುಳಿಹೋದ ಸ್ಕ್ರೂ ಹುಡುಕುತ್ತ ನಾನು ಮೇಜಿನ ಕೆಳಗೆ ತೂರಿದ್ದೆ. ಅದು ಗೊತ್ತಿಲ್ಲದೆ ಬೂಟಿನ ಯಜಮಾನರು ಪಕ್ಕದಲ್ಲೇ ನಿಂತು, ಫೋನಿನಲ್ಲಿ ಯಾರಿಗೋ ಧೈರ್ಯ ಹೇಳುತ್ತಿದ್ದರು.

"ಬೀಳುತ್ತೆ ಅಂತ ಹೆದರಿ ಮಾರಬೇಡಿ. ಏರುತ್ತೆ ಅಂತ ಮೈಮರೀಲೂಬೇಡಿ. ಒಂದು ಪುಟ್ ಆಪ್ಷನ್ ತಗೊಂಡು ನೆಮ್ಮದಿಯಾಗಿ ನಿದ್ದೆ ಮಾಡಿ."

ಅವರು ಫೋನ್ ಇಟ್ಟ ತಕ್ಷಣ ನಾನು ಕೆಳಗಿನಿಂದಲೇ ಕೇಳಿದೆ. "ಅದು ನಮ್ಮಂಥವರಿಗೂ ಸಿಗುತ್ತಾ ಸಾರ್?"

ಬೂಟುಗಳು ಎರಡು ಹೆಜ್ಜೆ ಹಿಂದೆ ಹಾರಿದವು. ಆಮೇಲೆ ಒಂದು ಮುಖ ಬಗ್ಗಿ ನೋಡಿತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹೊರಗೆ ಸುಡುಬಿಸಿಲಿದ್ದರೂ ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಒಂದಲ್ಲ ಮೂರು ಪೆನ್ನು. ನನಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೇನೋ ಬಂತು, ಅದನ್ನು ಆಗ ನಾನು ವಿಚಾರಿಸಲು ಹೋಗಲಿಲ್ಲ.

ನೆಮ್ಮದಿಯ ನಿದ್ದೆ ನನಗೂ ಬೇಕಿತ್ತು. ನಾನು ಬಾಡಿಗೆಗಿದ್ದ ವರ್ಕ್‌ಶಾಪನ್ನು ಮಾಲೀಕರು ಮಾರಲು ಹೊರಟಿದ್ದರು. ಮೂರು ತಿಂಗಳೊಳಗೆ ಹಣ ಹೊಂದಿಸಿದರೆ ನನಗೆ, ಇಲ್ಲದಿದ್ದರೆ ಬೇರೆಯವರಿಗೆ. ನನ್ನ ಬಳಿ ಇದ್ದದ್ದು ತಾತ ದುಡಿದ ಬಣ್ಣದ ಕಾರ್ಖಾನೆಯ ನಾಲ್ಕು ಸಾವಿರ ಷೇರು. ಅವತ್ತಿನ ಬೆಲೆಗೆ ಲೆಕ್ಕ ಹಾಕಿದರೆ ವರ್ಕ್‌ಶಾಪ್ ನನ್ನದಾಗಿ ಕೈಯಲ್ಲಿ ಸ್ವಲ್ಪ ಉಳಿಯುತ್ತಿತ್ತು. ಆದರೆ ಅಜ್ಜಿ ಪಟ್ಟು ಹಿಡಿದಿದ್ದಳು. "ಹಣ ಕಟ್ಟೋ ದಿನದವರೆಗೂ ಅದನ್ನ ಮುಟ್ಟಬೇಡ ಕಣೇ. ನಿಮ್ಮ ತಾತನ ಬೆವರು ಅದು."

ಇದನ್ನೆಲ್ಲ ಹೇಳಿದಾಗ ಅವರು ಒಂದು ಹಾಳೆ ಎಳೆದುಕೊಂಡರು.

"ಈಗ ನಿಮ್ಮ ಷೇರು ಐನೂರರ ಹತ್ತಿರ ಇದೆ. ನಾನೂರ ಎಂಬತ್ತರ ಪುಟ್ ತಗೊಳ್ಳಿ. ಮೂರನೇ ತಿಂಗಳ ಕೊನೇ ಗುರುವಾರ ಮೂರೂವರೆಗೆ ಮಾರುಕಟ್ಟೆ ಮುಚ್ಚೋವರೆಗೆ ಬೆಲೆ ಎಷ್ಟೇ ಪಾತಾಳಕ್ಕೆ ಹೋಗಲಿ, ನಾನೂರ ಎಂಬತ್ತಕ್ಕೆ ಮಾರೋ ಹಕ್ಕು ನಿಮ್ಮದು. ಮಾರಲೇಬೇಕು ಅಂತೇನೂ ಇಲ್ಲ."

"ಬೀಳದೇ ಇದ್ರೆ?"

"ಸಂತೋಷ. ಈ ಹಕ್ಕಿಗೆ ಕೊಟ್ಟ ಪ್ರೀಮಿಯಂ ಮಾತ್ರ ಹೋಯ್ತು."

"ವಾಪಸ್ ಕೊಡಲ್ವಾ?"

"ಇಲ್ಲ ಮೇಡಂ. ನೀವು ಇಷ್ಟು ದಿನ ಹೆದರದೇ ಇದ್ರಲ್ಲ, ಅದರ ಬೆಲೆ ಅದು."

ಈ ಮಾತು ನನಗೆ ತುಂಬ ಹಿಡಿಸಿತು. ಹೇಳಿದವರೂ ಹಿಡಿಸಿದರು. ಪ್ರೀಮಿಯಂ ಕಟ್ಟಿ ಬಂದೆ.

ಮರುವಾರ ಅವರು ಒಂದು ಕುರ್ಚಿ ಹೊತ್ತುಕೊಂಡು ವರ್ಕ್‌ಶಾಪಿಗೆ ಬಂದರು. ಅದರ ಮುಂದಿನ ವಾರ ಇನ್ನೊಂದು. ರಿಪೇರಿಯಾದ ಪ್ರತಿ ಕುರ್ಚಿಯ ಅಡಿಯಲ್ಲೂ ಪೆನ್ಸಿಲಿನಿಂದ ತಾರೀಖು ಬರೆದು, ಕೆಳಗೆ 'ಒಂದು ವರ್ಷ ಗ್ಯಾರಂಟಿ' ಎಂದು ಸೇರಿಸುವುದು ನನ್ನ ಅಭ್ಯಾಸ. ನನ್ನ ಅಕ್ಷರವಿದ್ದ ಕುರ್ಚಿಗಳೇ ತಿಂಗಳು ತುಂಬುವ ಮೊದಲು ಸಡಿಲವಾಗಿ ಮರಳಿ ಬರುತ್ತಿದ್ದವು. ನಾನು ಬಿಗಿದ ಸ್ಕ್ರೂ ತಾನಾಗಿ ಸಡಿಲವಾಗುವುದಿಲ್ಲ. ಅದರ ತಲೆಯ ಮೇಲೆ ಹೊಸ ಗೀರುಗಳಿದ್ದವು.

"ಇದು ಹೇಗೆ ಸಡಿಲ ಆಯ್ತು ಸಾರ್?"

"ಕ್ಲೈಂಟ್ ಒಬ್ಬರು ದಪ್ಪ ಇದ್ದಾರೆ," ಎಂದು ಅವರು ಕಿಟಕಿಯ ಕಡೆ ನೋಡಿದರು. ಕಿವಿ ಮಾತ್ರ ಕೆಂಪಗಾಗಿತ್ತು.

ಅಜ್ಜಿ ಮೂಲೆಯಿಂದಲೇ ಗೊಣಗಿದಳು. "ಆ ಕ್ಲೈಂಟನ್ನ ಒಂದಿನ ಇಲ್ಲಿಗೂ ಕರ್ಕೊಂಡು ಬಾಪ್ಪ, ನೋಡೋಣ."

ಒಂಬತ್ತನೇ ಸಲ ಬಂದದ್ದು ಆಫೀಸಿನ ಕುರ್ಚಿಯಲ್ಲ, ಅವರ ಮನೆಯದು. ನೀಲಿ ಬಟ್ಟೆಯ ಹಳೇ ಊಟದ ಕುರ್ಚಿ. ಪುಟ್ ಮುಗಿಯುವ ಗುರುವಾರಕ್ಕೆ ಇನ್ನು ಆರೇ ದಿನವಿತ್ತು. "ಕಾಲು ಅಲ್ಲಾಡುತ್ತೆ. ಹಾಗೇ ಒಳಗೂ ಸ್ವಲ್ಪ ನೋಡಿಬಿಡಿ," ಎಂದು ಹೇಳಿ ನಿಂತೇ ಇದ್ದರು. ನಾನು ಕಾಲು ಬಿಗಿಯುತ್ತಿದ್ದಾಗ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತಲೆ ಎತ್ತಿದರೆ ಅವರ ನೋಟ ಛಾವಣಿಗೆ, ತಗ್ಗಿಸಿದರೆ ಮತ್ತೆ ಕೈಗೆ. ಈ ಆಟದಲ್ಲಿ ನನಗೆ ಒಳಗೆ ನೋಡುವುದೇ ಮರೆತುಹೋಯಿತು. ಸೀಟಿನ ಬಟ್ಟೆ ಬಿಚ್ಚದೆ ಕುರ್ಚಿ ಮುಗಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

"ತಗೊಂಡು ಹೋಗ್ತೀರಾ?"

"ಇಲ್ಲೇ ಇರಲಿ," ಎಂದು ಅವಸರವಾಗಿ ಹೊರಟೇಬಿಟ್ಟರು.

ಗುರುವಾರ ಬಂತು. ಆ ಹೊತ್ತಿಗೆ ಬಣ್ಣದ ಕಾರ್ಖಾನೆಯ ಷೇರು ನಾನೂರ ಹನ್ನೆರಡಕ್ಕೆ ಕುಸಿದಿತ್ತು. ಪುಟ್ ಇಲ್ಲದಿದ್ದರೆ ವರ್ಕ್‌ಶಾಪ್ ಕೈಬಿಟ್ಟುಹೋಗುತ್ತಿತ್ತು. ಈಗ ನಾನೂರ ಎಂಬತ್ತು ಗಟ್ಟಿಯಾಗಿ ಸಿಕ್ಕಿತು. ಆಫೀಸಿನಲ್ಲಿ ಅವರ ಎದುರು ಕೂತಾಗ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅವರು ಮಾತ್ರ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಮೂರೂ ಇಪ್ಪತ್ತೈದು.

"ಬೇರೆ ಏನಾದ್ರೂ ಹೇಳೋದಿತ್ತಾ ಮೇಡಂ?"

ಹೇಳುವುದು ಬೇಕಾದಷ್ಟಿತ್ತು. ಆದರೆ ಇಷ್ಟು ದೊಡ್ಡ ಉಪಕಾರ ಮಾಡಿದವರ ಮುಂದೆ ನನ್ನ ಮನಸ್ಸಿನ ಮಾತು ಎತ್ತಿದರೆ ಋಣ ತೀರಿಸಿದ ಹಾಗೆ ಕಂಡೀತು ಎಂದು ಅದನ್ನು ನುಂಗಿಕೊಂಡೆ.

"ತುಂಬಾ ಥ್ಯಾಂಕ್ಸ್ ಸಾರ್," ಎಂದೆ.

ಮೂರೂವರೆಯಾಯಿತು. ಅವರು ಕಾಗದಗಳನ್ನು ಎರಡೆರಡು ಸಲ ಜೋಡಿಸಿಟ್ಟು, "ಒಳ್ಳೇದಾಗಲಿ," ಎಂದರು. ಅವರ ಮುಖ ಬಾಡಿದ್ದು ಕಂಡಿತು, ಯಾಕೆಂದು ತಿಳಿಯಲಿಲ್ಲ.

ಆಮೇಲೆ ಆಸಾಮಿ ಪತ್ತೆಯೇ ಇಲ್ಲ. ಮುರಿದ ಕುರ್ಚಿಯೂ ಇಲ್ಲ, ಫೋನೂ ಇಲ್ಲ. ವರ್ಕ್‌ಶಾಪ್ ನನ್ನ ಹೆಸರಿಗೆ ಆಯಿತು. ನಾನು ಸ್ವಂತ ಬಾಗಿಲಲ್ಲಿ ನಿಂತು, ಕುರ್ಚಿ ಹೊತ್ತು ಬರುವ ಪ್ರತಿ ಮನುಷ್ಯನನ್ನೂ ಅವರಿರಬಹುದೆಂದು ನೋಡುತ್ತಿದ್ದೆ. ಎಂಟು ದಿನ ಹೀಗೇ ಕಳೆಯಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ, ತುಂಬ ಬೇಜಾರೂ ಆಗಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಅಜ್ಜಿ ನೀಲಿ ಕುರ್ಚಿಯಲ್ಲಿ ಕೂತು ಮುಖ ಸಿಂಡರಿಸಿದಳು.

"ಇದೇನೇ, ಕೂತ್ರೆ ಪರಪರ ಅನ್ನುತ್ತೆ. ಒಳಗೆ ಏನು ತುಂಬಿದ್ದೀಯ?"

ಸೀಟಿನ ಬಟ್ಟೆ ಬಿಚ್ಚಿದೆ. ನಾಲ್ಕಾಗಿ ಮಡಿಸಿದ ಕಾಗದವಿತ್ತು.

'ನನಗೆ ನೀವೆಂದರೆ ಇಷ್ಟ. ನಿಮಗೂ ಹಾಗೆ ಅನಿಸಿದ್ದರೆ ಬರುವ ಗುರುವಾರ ಮೂರೂವರೆಯೊಳಗೆ ತಿಳಿಸಿ. ಒಪ್ಪುವ ಹಕ್ಕು ನಿಮ್ಮದು, ಒಪ್ಪಲೇಬೇಕೆಂದಿಲ್ಲ. ಆ ವೇಳೆಗೆ ಏನೂ ಹೇಳದಿದ್ದರೆ ಈ ಕಾಗದ ರದ್ದಾದಂತೆ. ನಾನು ಮತ್ತೆ ತೊಂದರೆ ಕೊಡುವುದಿಲ್ಲ. ಕುರ್ಚಿ ನೀವೇ ಇಟ್ಟುಕೊಳ್ಳಿ.'

ನಾನು ಓದಿ ಮುಗಿಸುವ ಮೊದಲೇ ಅಜ್ಜಿ ಕನ್ನಡಕ ಏರಿಸಿಕೊಂಡು ಇಣುಕಿದ್ದಳು. "ಪ್ರೀತಿಗೆ ಟೈಮ್ ಹಾಕಿದಾನಲ್ಲೇ ಪುಣ್ಯಾತ್ಮ," ಎಂದಳು. "ಇನ್ನೂ ಇಲ್ಲೇ ನಿಂತಿದೀಯಲ್ಲ."

ಕುರ್ಚಿ ಹೊತ್ತು ಎರಡು ಮಹಡಿ ಹತ್ತಿ, ಅವರ ಮೇಜಿನ ಮುಂದೆ ದಬ್ ಎಂದು ಇಟ್ಟೆ. ಆಫೀಸಿನ ಹದಿಮೂರು ತಲೆಗಳು ಇತ್ತ ತಿರುಗಿದವು. ಅವರು ಎದ್ದು ನಿಂತರು.

"ಕಾಗದ ಇವತ್ತು ಸಿಕ್ತು," ಎಂದೆ.

"ಇವತ್ತಾ?" ಅವರ ದನಿ ಸಣ್ಣಗಾಯಿತು. "ಅದರ ಅವಧಿ ಮುಗಿದುಹೋಯ್ತಲ್ಲ ಮೇಡಂ."

"ನಿಮ್ಮ ಅವಧಿಗೆ ಬೆಂಕಿ ಬೀಳಲಿ. ಒಂಬತ್ತು ಸಲ ನೀವೇ ಸ್ಕ್ರೂ ಬಿಚ್ಚಿ ಕುರ್ಚಿ ಹೊತ್ತುಕೊಂಡು ಬಂದ್ರಿ. ಅಷ್ಟೊಂದು ಪ್ರೀಮಿಯಂ ಕಟ್ಟಿದೋರು ಬಾಯಿಬಿಟ್ಟು ಒಂದು ಮಾತು ಕೇಳೋಕಾಗ್ಲಿಲ್ವಾ?"

"ಕೇಳಿ ನೀವು ಇಲ್ಲ ಅಂದಿದ್ರೆ? ಹೀಗಾದ್ರೆ ನಷ್ಟ ಕಮ್ಮಿ ಅಂದ್ಕೊಂಡೆ." ಅವರು ಕನ್ನಡಕ ತೆಗೆದು ಒರೆಸಿದರು. "ಕಮ್ಮಿ ಏನೂ ಆಗ್ಲಿಲ್ಲ. ಈ ಎಂಟು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ."

ನಾನು ಕುರ್ಚಿಯನ್ನು ತಲೆಕೆಳಗು ಮಾಡಿ, ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ತಾರೀಖಿನ ಕೆಳಗೆ ಬರೆದಿದ್ದ 'ಒಂದು ವರ್ಷ ಗ್ಯಾರಂಟಿ'ಯನ್ನು ಹೊಡೆದುಹಾಕಿದೆ. ಅದರ ಪಕ್ಕ ಎರಡೇ ಶಬ್ದ ಬರೆದು, ಕುರ್ಚಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದೆ.

"ಬೇಕಿದ್ರೆ ಬಗ್ಗಿ ನೋಡಿ."

ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಅವರು ನೆಲಕ್ಕೆ ಮೊಣಕಾಲೂರಿ, ಕುರ್ಚಿಯಡಿಗೆ ತಲೆ ತೂರಿಸಿದರು. ಈ ಸಲ ಮೇಲಿನಿಂದ ನೋಡುವ ಸರದಿ ನನ್ನದಾಗಿತ್ತು.

"ಅವಧಿ ಇಲ್ಲ," ಎಂದು ಅಡಿಯಿಂದ ಓದಿದ ದನಿ ಕೇಳಿಸಿತು. ಸ್ವಲ್ಪ ಹೊತ್ತು ಆ ತಲೆ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು, ಕೂದಲಿಗೆ ಧೂಳು ಮೆತ್ತಿತ್ತು.

"ಇದಕ್ಕೆ ಪುಟ್ ಸಿಗಲ್ಲ ಮೇಡಂ," ಎಂದರು. "ಬಿದ್ದುಹೋದ್ರೆ ಅನ್ನೋ ಭಯ ಇಲ್ವಾ ನಿಮಗೆ?"

"ಬಿದ್ರೆ ರಿಪೇರಿ ಮಾಡೋಳು ನಾನೇ ಅಲ್ವಾ?" ಎಂದು, ಏಳುವುದಕ್ಕೆ ಅವರಿಗೆ ಕೈ ಕೊಟ್ಟೆ.