ಗಂಡು ಗೊತ್ತಾತ್ರಿ!

"ಹೊಂದಿಕೊಂಡು ಇರ್ತಾವ ಅಂದಿದ್ರಲ್ರೀ... ಈಗ ಇದನ್ನ ನೋಡ್ರಿ!"

ಪುಷ್ಪಲತಾ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ನೀರು ಚೆಲ್ಲಿ ಅಮರೇಶನ ಅಂಗಿ ಒದ್ದೆಯಾಯಿತು. ಕೊಟ್ಟೂರಿನಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಅವನದು. ಡಬ್ಬಿಯೊಳಗೆ, ಅವನೇ ಮಾರಿದ್ದ ಎರಡು ಪುಟ್ಟ ನೀಲಿ ರಾಮ್ ಸಿಕ್ಲಿಡ್ ಮೀನುಗಳಲ್ಲಿ ಒಂದು ರೆಕ್ಕೆ ಹರಿದುಕೊಂಡು ಮೂಲೆ ಸೇರಿತ್ತು.

ಅವನು ನೋಡಬೇಕಾದದ್ದು ಮೀನನ್ನು. ನೋಡಿದ್ದು ಅವಳ ಕಣ್ಣಂಚಿನ ನೀರನ್ನು!

"ಇವುಗಳ ಜೋಡಿ ಮತ್ತ್ಯಾರನ್ನ ಬಿಟ್ಟೀರಿ?"

"ಹರಪನಹಳ್ಳ್ಯಾಗ ಪಟ್ಟಿ ಪಟ್ಟಿವು ಚಂದ ಕಂಡ್ವು... ಟೈಗರ್ ಬಾರ್ಬ್ ಅಂತ."

"ಅಯ್ಯ! ಅವು ಬರೇ ರೆಕ್ಕಿ ಕಡೀತಾವ್ರಿ. ಇವು ಸಾಧು ಜೀವ. ಅಂಗಿ ಚಂದ ಐತಿ ಅಂತ ಯಾರನ್ನರ ಮನಿಯಾಗ ಇಟ್ಕೊಂತಾರೇನ್ರಿ?"

ಛೇ, ತಪ್ಪು ತನ್ನದೇ! ಬೈಯಲು ಬಂದವಳು ಬೈಸಿಕೊಂಡು ನಿಂತಿದ್ದಳು.

ಸಂಜೆ, ಮನೆಯ ಮುಂದಿನ ಕೋಣೆಯಲ್ಲೇ ಅವಳು ಬ್ಲೌಸ್ ಹೊಲಿಯುವ ಅಂಗಡಿಗೆ ಅವನೇ ಬಂದ. ಅಲ್ಲಿದ್ದ ಅವಳ ಟ್ಯಾಂಕಿನಲ್ಲಿ ಗಿಡಗಳ ಸಂದಿ ನುಸುಳುವ ಬಾರ್ಬ್‌ಗಳನ್ನು ಹಿಡಿಯುವಷ್ಟರಲ್ಲಿ ತಲೆಗೂದಲೂ ತೊಯ್ದುಹೋಯಿತು. ಪುಷ್ಪಲತಾ ನಗು ತಡೆಯಲಾರದೆ ಅಳತೆ ಟೇಪಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಅವನು ಬರುತ್ತಲೇ ಇದ್ದ. ಗಿಡ ನೆಡಲು ಒಮ್ಮೆ, ನೀರಿನ ಬಿಸಿ ನೋಡಲು ಒಮ್ಮೆ... ನೆಪಗಳಿಗೇನು ಬರವೇ?

"ಕೆಳಗ ಇವುಗಳ ಸಂಸಾರ. ಮ್ಯಾಲ ಈಜೋ ತಣ್ಣಗಿನ ಸ್ವಭಾವದವು ಬೇಕು, ಬೆಚ್ಚನ್ನ ನೀರೂ ತಡಕೊಬೇಕು. ಕಾರ್ಡಿನಲ್ ಟೆಟ್ರಾ ತರಿಸ್ತೀನಿ."

"ಇವೆರಡ್ರಾಗ ಗಂಡು ಯಾವುದ್ರಿ?"

"ಇನ್ನೂ ಸಣ್ಣವು. ದೊಡ್ಡವಾದ ಮ್ಯಾಲ ತಿಳೀತೈತಿ."

ಅವಳ ತಾಯಿ ಶಿವಬಸಮ್ಮ ಚಹಾ ತಂದು ಕೊಟ್ಟರು. "ಅಮರೇಶಪ್ಪ, ನಮ್ಮ ಪುಷ್ಪಾಗ ಗಂಡು ನೋಡಾಕತ್ತೀವಿ. ನಿನ್ನ ಕಣ್ಣಾಗ ಯಾರರ ಇದ್ರ ಹೇಳಪ್ಪ."

ಅವನು ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿದ. 'ನಾನೇ ಅದೀನಿ ಅನ್ನಬಾರದೇ?' ಪುಷ್ಪಲತಾ ಹೊಲಿಗೆ ನಿಲ್ಲಿಸಿ ಅವನನ್ನೇ ನೋಡಿದಳು. ಅವನು ಅನ್ನಲಿಲ್ಲ. ತಾನಾಗಿ ಹೇಳಲು ಅವಳಿಗೂ ಬಾಯಿ ಬರಲಿಲ್ಲ.

ಒಂದು ಬೆಳಗ್ಗೆ ಟ್ಯಾಂಕಿನ ಮುಂದೆ ಕೂತವಳು ಹಿಗ್ಗಿಹೋದಳು. ಒಂದರ ಹೊಟ್ಟೆ ಗುಲಾಬಿಯಾಗಿತ್ತು, ಇನ್ನೊಂದರ ಬೆನ್ನ ಮೇಲಿನ ರೆಕ್ಕೆ ಉದ್ದವಾಗಿ ನೆಟ್ಟಗೆ ನಿಂತಿತ್ತು. ತಕ್ಷಣ ಫೋನ್ ಮಾಡಿದಳು.

"ಅಮರೇಶ್ ಅವ್ರ, ಗಂಡು ಗೊತ್ತಾತ್ರಿ! ಭಾಳ ಚಂದ ಅದಾನ!"

ಆ ಕಡೆ ಅವನ ದನಿ ಇಳಿಯಿತು.

"...ಸಂತೋಷ ಆತ್ರಿ. ಒಳ್ಳೇದಾಗ್ಲಿ."

ಫೋನ್ ಕಟ್ಟಾಯಿತು. ಅಂದಿನಿಂದ ಅವನ ಸುಳಿವಿಲ್ಲ! ಟೆಟ್ರಾಗಳು ಬಂದವು, ಆಟೋದವರ ಕೈಯಲ್ಲಿ. ಅವಳಿಗೆ ದುಃಖ ಉಕ್ಕಿ ಬಂತು. 'ಹಾಗಾದರೆ ಅಷ್ಟು ದಿನ ಬಂದದ್ದು ಬರೀ ವ್ಯಾಪಾರಕ್ಕೇ?' ಎರಡು ಬ್ಲೌಸಿನ ತೋಳು ಅದಲುಬದಲು ಹೊಲಿದು, ಬಿಚ್ಚಿ, ಕೊನೆಗೆ ಕತ್ತರಿ ಎಸೆದು ಅವನಂಗಡಿಗೇ ನಡೆದಳು.

ಅವನು ಹೊಸ ಗಾಜಿನ ಟ್ಯಾಂಕೊಂದನ್ನು ಒರೆಸುತ್ತಿದ್ದ. ಮುಖ ಬಾಡಿತ್ತು.

"ಯಾಕ ಬರವಲ್ರಿ?"

"ಇದು ನಿಮ್ಮ ಮದುವಿಗೆ, ನನ್ನ ಕಡಿಂದ..."

"ಯಾರ ಮದುವಿ?!"

"ನಿಮ್ಮದ. ಗಂಡು ಗೊತ್ತಾತು, ಚಂದ ಅದಾನ ಅಂದ್ರಲ್ಲ."

ಪುಷ್ಪಲತಾ ಬೆಪ್ಪಾಗಿ ನಿಂತಳು. ಮರುಕ್ಷಣ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು!

"ನಾ ಹೇಳಿದ್ದು ಮೀನಿಂದು! ಮುದ್ದಿಗೆ 'ಅದಾನ' ಅಂದೆ... ಮೀನ ಮಾರೋರಾಗಿ ಅಷ್ಟೂ ತಿಳೀಲಿಲ್ಲೇನ್ರಿ?"

ಅಮರೇಶ ಟ್ಯಾಂಕಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕುಸಿದ. "ನಿಮ್ಮ ಅವ್ವನ ಮಾತು ಕಿವ್ಯಾಗ ಕುಂತಿತ್ತು. ಅನ್ನ ಇಳೀಲಿಲ್ರಿ ನಂಗ."

"ಯಾಕ?"

"ಯಾಕ ಅಂದ್ರ... ನೀವಂದ್ರ ಜೀವ ನಂಗ, ಅದಕ್ಕ!"

ಈ ಮಾತಿಗಾಗಿ ಎಷ್ಟು ಕಾದಿದ್ದಳು! ಎದೆ ತುಂಬಿ ಬಂದರೂ ಅವಳು ಹುಬ್ಬು ಹಾರಿಸಿದಳು.

"ಹಂಗ ಒಮ್ಮೆಗೆ ಹೂಂ ಅನ್ನಂಗಿಲ್ಲ. ಸ್ವಭಾವ ನೋಡಬೇಕಲ್ರಿ, ಹೇಳ್ರಿ ನಿಮ್ಮದು."

"ಸಿಟ್ಟು ಬಂದ್ರ ಮಾತ ಬಿಟ್ಟು ಒಂದು ಮೂಲಿ ಹಿಡೀತೀನಿ."

"ನಂಗ ಸಿಟ್ಟು ಬಂದ್ರ ಮಾತ ನಿಲ್ಲಂಗೇ ಇಲ್ಲ. ಹೊಂದತೈತೇನ್ರಿ?"

ಅವನು ಯೋಚಿಸಿ, ನಾಚುತ್ತಾ ಕೇಳಿದ. "ನನ್ನ ಮೂಲಿಗೆ ಬಂದು ಬೈತೀರೇನು?"

ಅವಳು ಇನ್ನೊಂದು ಸ್ಟೂಲನ್ನು ಅವನ ಪಕ್ಕಕ್ಕೆಳೆದು ಕೂತಳು.

"ಸ್ವಲ್ಪ ಅತ್ತಾಗ ಸರೀರಿ."